ಕೀನ್ಯಾ, ಇಥಿಯೋಪಿಯಾ ಕಾಗದ ಆಮದು: ಎರಡು ದೇಶಗಳ ಲೆಕ್ಕ ಹೋಲಿಸುವುದು ಹೇಗೆ?

ಎರಡು ದೇಶಗಳ ಆಮದು ಅಂಕಿಗಳನ್ನು ಇಳಿಸಿಕೊಂಡು, ಎಕ್ಸೆಲ್‌ನಲ್ಲಿ ಎರಡು ಗೆರೆ ಎಳೆದು, ಇವರು ಮುಂದೆ ಅವರು ಹಿಂದೆ ಎಂದು ಬರೆಯಲು ಅರ್ಧ ಗಂಟೆ ಸಾಕು. ಕಾಗದದ ವಿಷಯದಲ್ಲಿ ಹಾಗೆ ಬರೆದದ್ದು ತಪ್ಪಾಗುವ ಸಾಧ್ಯತೆಯೇ ಜಾಸ್ತಿ. ಆಮದು ಮೌಲ್ಯ ಅನ್ನುವ ಒಂದೇ ಅಂಕಿಯೊಳಗೆ ಎಷ್ಟು ಟನ್ ಬಂತು, ಟನ್ನಿಗೆ ಬೆಲೆ ಎಷ್ಟು, ಹಡಗಿನ ಬಾಡಿಗೆ ಎಷ್ಟು, ಕಸ್ಟಮ್ಸ್‌ನವರು ಅದನ್ನು ಯಾವ ತಲೆಬರಹದ ಕೆಳಗೆ ಬರೆದರು, ಎಲ್ಲ ಸೇರಿಕೊಂಡಿರುತ್ತವೆ. ಗೆರೆ ಮೇಲೆ ಹೋಯಿತು ಅಂದರೆ ಇವುಗಳಲ್ಲಿ ಯಾವುದೋ ಒಂದು ಹೆಚ್ಚಾಯಿತು ಅಂತಷ್ಟೇ ಅರ್ಥ. ಯಾವುದು ಅಂತ ಹುಡುಕುವುದೇ ಕೆಲಸ.

ಎಂ.ಕಾಂ. ಪ್ರಾಜೆಕ್ಟ್ ಮಾಡುವವರು, ಆಫ್ರಿಕಾಕ್ಕೆ ನೋಟ್‌ಬುಕ್, ಪೇಪರ್ ಕಳಿಸುವ ವ್ಯಾಪಾರಿಗಳು, ಅಂಕಿ-ಅಂಶ ಹಿಡಿದು ಬರೆಯುವ ಪತ್ರಕರ್ತರು, ಯಾರಿಗಾದರೂ ಇದು ಉಪಯೋಗಕ್ಕೆ ಬಂದೀತು. ಉದಾಹರಣೆಗೆ ಕೀನ್ಯಾ ಮತ್ತು ಇಥಿಯೋಪಿಯಾ ಜೋಡಿ ತೆಗೆದುಕೊಂಡಿದ್ದೇನೆ. ಅಕ್ಕಪಕ್ಕದ ದೇಶಗಳು. ಎರಡೂ ಕಡೆ ಗುಲಾಬಿ ಬೆಳೆದು ಯುರೋಪಿಗೆ ವಿಮಾನದಲ್ಲಿ ಕಳಿಸುತ್ತಾರೆ, ಅದಕ್ಕೆ ರಟ್ಟಿನ ಡಬ್ಬಿ ಬೇಕೇ ಬೇಕು. (ನಮ್ಮ ಬೆಂಗಳೂರಿನ ಕರುತೂರಿ ಕಂಪನಿ ಒಂದು ಕಾಲಕ್ಕೆ ಎರಡೂ ದೇಶಗಳಲ್ಲಿ ಗುಲಾಬಿ ಬೆಳೆಯುತ್ತಿತ್ತು.) ಆದರೆ ಕೀನ್ಯಾಕ್ಕೆ ಮೊಂಬಾಸಾ ಎಂಬ ಸ್ವಂತ ಬಂದರಿದೆ, ಇಥಿಯೋಪಿಯಾಕ್ಕೆ ಸಮುದ್ರವೇ ಇಲ್ಲ. ಕೀನ್ಯಾದಲ್ಲಿ ಡಾಲರ್ ಹೆಚ್ಚುಕಮ್ಮಿ ಮಾರುಕಟ್ಟೆಯಲ್ಲೇ ಸಿಗುತ್ತದೆ, ಇಥಿಯೋಪಿಯಾದಲ್ಲಿ ದಶಕಗಳ ಕಾಲ ಸರದಿಯಲ್ಲಿ ನಿಂತು ಪಡೆಯಬೇಕಿತ್ತು. ಹೋಲಿಕೆ ಮಾಡುವಾಗ ಎಡವುವ ಜಾಗಗಳೆಲ್ಲ ಈ ಜೋಡಿಯಲ್ಲಿ ಸಿಗುತ್ತವೆ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ

"ಯಾರು ಜಾಸ್ತಿ ಕಾಗದ ಬಳಸುತ್ತಾರೆ?" ಎಂಬ ಪ್ರಶ್ನೆಗೆ ಆಮದು ಮೌಲ್ಯ ಉತ್ತರ ಕೊಡುವುದಿಲ್ಲ. ಬಳಕೆ ಬೇಕಾದರೆ ದೇಶದೊಳಗಿನ ಉತ್ಪಾದನೆಗೆ ಆಮದು ಕೂಡಿಸಿ, ರಫ್ತು ಕಳೆಯಬೇಕು. "ಕಾಗದಕ್ಕಾಗಿ ಹೊರಗೆ ಹೋಗುವ ಡಾಲರ್ ಎಷ್ಟು?" ಎಂಬುದಕ್ಕೆ ಆಮದು ಮೌಲ್ಯವೇ ಸರಿಯಾದ ಅಂಕಿ. "ನನ್ನ ಮಾಲಿಗೆ ಅಲ್ಲಿ ಮಾರುಕಟ್ಟೆ ಬೆಳೆಯುತ್ತಿದೆಯಾ?" ಅಂದರೆ ಮೌಲ್ಯಕ್ಕಿಂತ ಟನ್ ಮುಖ್ಯ, ಅದೂ ನಿಮ್ಮ ಮಾಲಿನ ಕೋಡ್‌ನಲ್ಲಿ ಮಾತ್ರ. ಪ್ರಶ್ನೆ ಯಾವುದೆಂದು ಗೊತ್ತಿದ್ದರೆ ಮುಂದಿನ ಅರ್ಧ ಗೊಂದಲ ತಾನಾಗಿ ಕಡಿಮೆಯಾಗುತ್ತದೆ.

ಎರಡು: ಕಾಗದ ಅಂದರೆ ಯಾವ ಕಾಗದ?

ಜಗತ್ತಿನ ಬಹುತೇಕ ಕಸ್ಟಮ್ಸ್ ಇಲಾಖೆಗಳು ಸರಕುಗಳನ್ನು ಎಚ್‌ಎಸ್ (ಹಾರ್ಮೊನೈಸ್ಡ್ ಸಿಸ್ಟಂ) ಎಂಬ ಅಂತಾರಾಷ್ಟ್ರೀಯ ಪಟ್ಟಿಯ ಕೋಡ್ ಪ್ರಕಾರ ವಿಂಗಡಿಸುತ್ತವೆ. ಅದರಲ್ಲಿ 48ನೇ ಅಧ್ಯಾಯ ಕಾಗದ ಮತ್ತು ರಟ್ಟಿನದು. ಅದರ ಹಿಂದಿನದು, 47, ಕಾಗದ ಮಾಡುವ ತಿರುಳು (ಪಲ್ಪ್) ಮತ್ತು ರದ್ದಿ ಕಾಗದದ್ದು. ಮುಂದಿನದು, 49, ಅಚ್ಚಾದ ಪುಸ್ತಕ, ಪತ್ರಿಕೆ ಇತ್ಯಾದಿ. ಈ ಗಡಿಗಳನ್ನು ಮರೆತರೆ ಲೆಕ್ಕ ಕೆಡುತ್ತದೆ. ಕೀನ್ಯಾದ ಚುನಾವಣೆಯನ್ನೇ ನೋಡಿ. 2017ರಲ್ಲಿ ಮತಪತ್ರ ದುಬೈನಲ್ಲಿ ಅಚ್ಚಾದವು, 2022ರಲ್ಲಿ ಗ್ರೀಸ್‌ನಲ್ಲಿ. ಟನ್‌ಗಟ್ಟಲೆ ಕಾಗದವೇ ವಿಮಾನದಲ್ಲಿ ಬಂತು. ಆದರೆ ಅಚ್ಚಾಗಿ ಬಂದ ಕಾರಣ ಅದು 49ರ ಲೆಕ್ಕ, 48ರಲ್ಲಿ ಹುಡುಕಿದರೆ ಸಿಗುವುದಿಲ್ಲ.

48ರೊಳಗೂ ಬೇರೆ ಬೇರೆ ಮನೆಗಳಿವೆ. 4801 ನ್ಯೂಸ್‌ಪ್ರಿಂಟ್. 4802 ಬರೆಯುವ, ಅಚ್ಚು ಹಾಕುವ ಬಿಳಿ ಕಾಗದ. ಝೆರಾಕ್ಸ್ ಅಂಗಡಿಯ ಎ4 ಇಲ್ಲೇ ಬರುತ್ತದೆ. 4804 ಕ್ರಾಫ್ಟ್ ಪೇಪರ್, ಅಂದರೆ ಡಬ್ಬಿ, ಚೀಲಕ್ಕೆ ಬಳಸುವ ಗಟ್ಟಿ ಕಂದು ಕಾಗದ. 4810 ನುಣುಪು ಲೇಪನದ ಕಾಗದ. 4819 ತಯಾರಾದ ಡಬ್ಬಿ, ಚೀಲ. 4820 ನೋಟ್‌ಬುಕ್, ರಿಜಿಸ್ಟರ್.

ಇದರಲ್ಲಿ ಒಂದು ಸೂಕ್ಷ್ಮ ಇದೆ, ನನ್ನ ಮಟ್ಟಿಗೆ ಇಡೀ ಹೋಲಿಕೆಯಲ್ಲಿ ಅತಿ ಸ್ವಾರಸ್ಯದ ಜಾಗ ಇದೇ. 4803 ಅಂದರೆ ಟಿಶ್ಯೂ ಕಾಗದದ ದೊಡ್ಡ ಉರುಳೆ, ಕಾರ್ಖಾನೆಗೆ ಹೋಗುವಂಥದ್ದು. 4818 ಅಂದರೆ ಅಂಗಡಿಯಲ್ಲಿ ಸಿಗುವ ಟಾಯ್ಲೆಟ್ ರೋಲ್, ಕಾಗದದ ಕರವಸ್ತ್ರ. ಒಂದು ದೇಶದಲ್ಲಿ ದೊಡ್ಡ ಉರುಳೆ ತರಿಸಿ ಕತ್ತರಿಸಿ ಪ್ಯಾಕ್ ಮಾಡುವ ಘಟಕಗಳು ಶುರುವಾದರೆ 4818ರ ಆಮದು ಇಳಿದು 4803ರದು ಏರುತ್ತದೆ. ಡಬ್ಬಿ ಮಾಡುವವರು ಬಂದರೆ 4819 ಇಳಿದು 4804 ಏರುತ್ತದೆ. ನೋಟ್‌ಬುಕ್ ಹೊಲಿಯುವವರು ಬಂದರೆ 4820ರ ಬದಲು 4802. ಕಚ್ಚಾ ಉರುಳೆ ತಯಾರಾದ ಮಾಲಿಗಿಂತ ಅಗ್ಗ. ಹಾಗಾಗಿ ಜನ ಕಾಗದ ಬಳಸುವುದು ಹೆಚ್ಚುತ್ತಿದ್ದರೂ ಒಟ್ಟು ಆಮದು ಮೌಲ್ಯ ಕುಗ್ಗಬಹುದು. 48 ಎಂಬ ಒಟ್ಟು ಮೊತ್ತ ಮಾತ್ರ ನೋಡಿದವರು ಇದನ್ನು 'ಬೇಡಿಕೆ ಕುಸಿತ' ಅಂದುಬಿಡುತ್ತಾರೆ. ಅದಕ್ಕೇ ನಾಲ್ಕಂಕಿಯ ಕೋಡ್‌ಗಳನ್ನೂ ಇಳಿಸಿಕೊಳ್ಳಿ. ಕಚ್ಚಾ ಕಾಗದ ಒಂದು ಗುಂಪು, ತಯಾರಾದ ಮಾಲು ಇನ್ನೊಂದು ಗುಂಪು. ಎರಡು ದೇಶಕ್ಕೂ ಈ ಎರಡು ಗುಂಪಿನ ಪಾಲು ಬೇರೆಯಾಗಿ ತೆಗೆಯಿರಿ.

ಇನ್ನೊಂದು ಗುಂಡಿ ಇದೆ. ಎಚ್‌ಎಸ್ ಪಟ್ಟಿ ಆಗಾಗ ಬದಲಾಗುತ್ತದೆ: 1996, 2002, 2007, 2012, 2017, 2022. 2012ಕ್ಕಿಂತ ಮುಂಚೆ ಕಾಗದದ ತಿರುಳಿನ ಡೈಪರ್, ಸ್ಯಾನಿಟರಿ ಪ್ಯಾಡ್‌ಗಳು 4818ರಲ್ಲಿ ಇದ್ದವು. 2012ರ ಪಟ್ಟಿಯಲ್ಲಿ ಅವನ್ನು 9619 ಎಂಬ ಹೊಸ ಕೋಡ್‌ಗೆ ಕಳಿಸಿದರು. ಮಗುವಿನ ಡೈಪರ್ ಸಣ್ಣ ವ್ಯಾಪಾರವಲ್ಲ. ಹೊಸ ಪಟ್ಟಿ ಜಾರಿಗೆ ಬಂದ ವರ್ಷ 48ರ ಮೊತ್ತ ದಿಢೀರನೆ ಇಳಿದಂತೆ ಕಾಣಬಹುದು; ಒಂದು ಪ್ಯಾಕೆಟ್ಟೂ ಕಡಿಮೆ ಬಂದಿರುವುದಿಲ್ಲ. ಎರಡು ದೇಶಗಳೂ ಹೊಸ ಪಟ್ಟಿಯನ್ನು ಒಂದೇ ವರ್ಷ ಜಾರಿ ಮಾಡಿರಬೇಕು ಅಂತೇನೂ ಇಲ್ಲ. 2010ಕ್ಕೂ 2015ಕ್ಕೂ ಹೋಲಿಸುವುದಿದ್ದರೆ 4818ನ್ನು ಪೂರ್ತಿ ಬಿಟ್ಟು ಒಮ್ಮೆ, ಸೇರಿಸಿ ಒಮ್ಮೆ ಲೆಕ್ಕ ಹಾಕಿ ನೋಡಿ.

ಮೂರು: ಅಂಕಿ ಎಲ್ಲಿ ಸಿಗುತ್ತದೆ

ದೀರ್ಘ ಕಾಲದ ಹೋಲಿಕೆಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಫಾವೋಸ್ಟಾಟ್ ಒಳ್ಳೆಯದು. ಅದರ ಅರಣ್ಯ ವಿಭಾಗದಲ್ಲಿ 'ಕಾಗದ ಮತ್ತು ರಟ್ಟು' ಎಂಬ ಸಾಲು 1961ರಿಂದಲೇ ಇದೆ, ಟನ್ ಮತ್ತು ಸಾವಿರ ಡಾಲರ್ ಎರಡರಲ್ಲೂ. ಆದರೆ ಅದು 48ನೇ ಅಧ್ಯಾಯಕ್ಕೆ ಸಮ ಅಲ್ಲ. ತಯಾರಾದ ಡಬ್ಬಿ, ಪುಸ್ತಕ, ಪತ್ರಿಕೆ ಅದರಲ್ಲಿ ಇಲ್ಲ. ಕೋಡ್‌ವಾರು ವಿವರ ಬೇಕಾದರೆ ವಿಶ್ವಸಂಸ್ಥೆಯ ವ್ಯಾಪಾರ ಅಂಕಿಗಳ ಭಂಡಾರವಾದ ಯುಎನ್ ಕಾಮ್‌ಟ್ರೇಡ್‌ಗೆ ಹೋಗಿ. ಅದೇ ಅಂಕಿಗಳನ್ನು ವಿಶ್ವಬ್ಯಾಂಕಿನ ವಿಟ್ಸ್, ಜಿನೀವಾದ ಐಟಿಸಿಯ (ಇಂಟರ್‌ನ್ಯಾಷನಲ್ ಟ್ರೇಡ್ ಸೆಂಟರ್) ಟ್ರೇಡ್ ಮ್ಯಾಪ್ ಬೇರೆ ಬೇರೆ ರೂಪದಲ್ಲಿ ತೋರಿಸುತ್ತವೆ. ಒಂದು ದೇಶಕ್ಕೆ ಫಾವೋಸ್ಟಾಟ್, ಇನ್ನೊಂದಕ್ಕೆ ಕಾಮ್‌ಟ್ರೇಡ್ ಅಂತ ಮಾತ್ರ ಬೆರೆಸಬೇಡಿ.

ಫಾವೋಸ್ಟಾಟ್‌ನಲ್ಲಿ ಪ್ರತಿ ಅಂಕಿಯ ಪಕ್ಕ ಒಂದು ಅಕ್ಷರದ ಗುರುತು ಇರುತ್ತದೆ: ಅಧಿಕೃತ ಅಂಕಿಯೋ, ಅಂದಾಜೋ, ಖಾಲಿ ಜಾಗ ತುಂಬಲು ಲೆಕ್ಕ ಹಾಕಿದ್ದೋ ಎಂದು. ಬಹಳ ಜನ ಆ ಕಾಲಂ ಅಳಿಸಿಯೇ ಕೆಲಸ ಶುರು ಮಾಡುತ್ತಾರೆ. ಉಳಿಸಿಕೊಳ್ಳಿ. ಮೂರು ವರ್ಷ ಸತತವಾಗಿ ಅದೇ ಅಂಕಿ, ಒಂದು ಟನ್ನೂ ಹೆಚ್ಚುಕಮ್ಮಿ ಇಲ್ಲದೆ ಬಂದಿದ್ದರೆ ಅದು ಸ್ಥಿರ ಮಾರುಕಟ್ಟೆಯಲ್ಲ. ಹೊಸ ವರದಿ ಬರದೆ ಹಳೆಯದನ್ನೇ ಮುಂದುವರಿಸಿರಬೇಕು ಎಂದು ಅನುಮಾನ ಪಡಿ.

ದೇಶದ ಗಡಿಯೂ ಬದಲಾಗಿದೆ. ಇಥಿಯೋಪಿಯಾದ ಭಾಗವಾಗಿದ್ದ ಎರಿಟ್ರಿಯಾ 1993ರಲ್ಲಿ ಸ್ವತಂತ್ರವಾಯಿತು. ಅದಕ್ಕೆ ಮುಂಚಿನ ಇಥಿಯೋಪಿಯಾ ಬೇರೆ ಹೆಸರಿನಲ್ಲಿ, ಬೇರೆ ಕೋಡ್‌ನಲ್ಲಿ ಇರುತ್ತದೆ. ಎರಡು ತುಂಡನ್ನು ಅಂಟಿಸಿ ಒಂದೇ ಗೆರೆ ಮಾಡಿದರೆ 1993ರಲ್ಲಿ ಒಂದು ಸುಳ್ಳು ತಿರುವು ಬರುತ್ತದೆ. ಸುಮ್ನೆ 1993ರ ನಂತರದಿಂದ ಶುರು ಮಾಡುವುದೇ ಜಾಣತನ.

ನಾಲ್ಕು: ವರ್ಷ ಅಂದರೆ ಯಾವ ವರ್ಷ

ಇಥಿಯೋಪಿಯಾದ ಪಂಚಾಂಗ ನಮಗಿಂತ ಏಳೆಂಟು ವರ್ಷ ಹಿಂದೆ. ಅಲ್ಲಿನ ಸರ್ಕಾರದ ಹಣಕಾಸು ವರ್ಷ ಅವರ ಹಾಮ್ಲೆ ತಿಂಗಳ 1ಕ್ಕೆ, ಅಂದರೆ ಜುಲೈ 8ಕ್ಕೆ ಶುರು. ಅವರ 2015ನೇ ಹಣಕಾಸು ವರ್ಷ ಅಂದರೆ ನಮ್ಮ ಲೆಕ್ಕದಲ್ಲಿ 2022ರ ಜುಲೈನಿಂದ 2023ರ ಜುಲೈವರೆಗೆ. ಅಲ್ಲಿನ ವರದಿಯಿಂದ '2015' ಎಂಬ ಸಾಲನ್ನು ಹಾಗೇ ಎತ್ತಿ ಕೀನ್ಯಾದ 2015ರ ಪಕ್ಕ ಇಟ್ಟರೆ ಏಳು ವರ್ಷದ ಅಂತರ ಕಣ್ಣಿಗೇ ಬೀಳುವುದಿಲ್ಲ. ಕೀನ್ಯಾದ ಅಂಕಿ-ಅಂಶ ಸಂಸ್ಥೆ ಹೊರತರುವ ವಾರ್ಷಿಕ ಎಕನಾಮಿಕ್ ಸರ್ವೇಯಲ್ಲಿ ವ್ಯಾಪಾರದ ಅಂಕಿ ಜನವರಿಯಿಂದ ಡಿಸೆಂಬರ್‌ವರೆಗಿನದು. ಕಾಮ್‌ಟ್ರೇಡ್‌ನಿಂದ ತೆಗೆದರೆ ಈ ತಾಪತ್ರಯ ಬಹುಪಾಲು ತಪ್ಪುತ್ತದೆ. ದೇಶದ ವರದಿಯಿಂದಲೇ ತೆಗೆಯುವುದಾದರೆ ಶೀರ್ಷಿಕೆಯಲ್ಲಿ ಎರಡೂ ಪಂಚಾಂಗದ ವರ್ಷ ಬರೆದಿಡಿ.

ಐದು: ಬಂದರಿನಲ್ಲಿ ಬೆಲೆ ಕಟ್ಟುವ ಬಗೆ

ಆಮದನ್ನು ಸಾಮಾನ್ಯವಾಗಿ ಸಿಐಎಫ್ ಬೆಲೆಯಲ್ಲಿ ಬರೆಯುತ್ತಾರೆ: ಮಾಲಿನ ಬೆಲೆ, ವಿಮೆ, ಸಾಗಣೆ ಖರ್ಚು ಮೂರೂ ಸೇರಿ. ರಫ್ತನ್ನು ಎಫ್‌ಒಬಿ, ಅಂದರೆ ಹೊರಡುವ ಬಂದರಿನಲ್ಲಿ ಹಡಗು ಹತ್ತುವಾಗಿನ ಬೆಲೆಯಲ್ಲಿ ಬರೆಯುತ್ತಾರೆ. ಕಾಗದಕ್ಕೆ ಇದು ಬಹಳ ಮುಖ್ಯ. ಕಾಗದ ಭಾರ, ಜಾಗ ತಿನ್ನುತ್ತದೆ, ಕಿಲೋಗೆ ಬೆಲೆ ಕಡಿಮೆ. ಹಾಗಾಗಿ ಅದರ ಬೆಲೆಯಲ್ಲಿ ಸಾಗಣೆಯ ಪಾಲು ಮೊಬೈಲ್ ಫೋನಿನಂಥ ಸರಕಿಗಿಂತ ಎಷ್ಟೋ ಹೆಚ್ಚು. 2021ರಲ್ಲಿ ಕಂಟೈನರ್ ಬಾಡಿಗೆ ಗಗನಕ್ಕೇರಿದಾಗ ಒಂದು ರೀಮೂ ಹೆಚ್ಚು ಬರದೆ ಆಮದು ಮೌಲ್ಯ ಏರುವುದಕ್ಕೆ ದಾರಿಯಾಯಿತು. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಯುರೋಪಿನಿಂದ ಬರುವ ಎಷ್ಟೋ ಹಡಗುಗಳು ಆಫ್ರಿಕಾ ಸುತ್ತಿ ಬಂದವು. ಆ ಖರ್ಚೂ ಅಂಕಿಯಲ್ಲಿ ಸೇರಿಕೊಳ್ಳುತ್ತದೆ.

ಯಾವುದೋ ವರ್ಷ ಒಂದು ದೇಶ ವರದಿಯನ್ನೇ ಕೊಟ್ಟಿಲ್ಲ ಅನ್ನಿ. ಆಗ ಕನ್ನಡಿ ಲೆಕ್ಕ ಮಾಡುತ್ತಾರೆ: ಆ ದೇಶಕ್ಕೆ ಕಾಗದ ಕಳಿಸಿದ ಎಲ್ಲ ದೇಶಗಳ ರಫ್ತು ಅಂಕಿ ಕೂಡಿಸಿ ಆಮದು ಅಂದುಕೊಳ್ಳುವುದು. ಅದು ಎಫ್‌ಒಬಿ ಆದ್ದರಿಂದ ಸಾಗಣೆ ಖರ್ಚು ಸೇರಿಸಬೇಕು. ಅಂತಾರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಬಹಳ ವರ್ಷ ಸರಾಸರಿ 10% ಸೇರಿಸುತ್ತಿತ್ತು, ಆಮೇಲೆ ಅದನ್ನು 6%ಕ್ಕೆ ಇಳಿಸಿತು. ಅದು ಎಲ್ಲ ಸರಕಿನ ಸರಾಸರಿ. ಕಾಗದಕ್ಕೆ ಅದಕ್ಕಿಂತ ಜಾಸ್ತಿಯೇ ಇರಬೇಕೆಂದು ನನ್ನ ಅಭಿಪ್ರಾಯ.

ಇಥಿಯೋಪಿಯಾ ವಿಷಯದಲ್ಲಿ ಈ ಕನ್ನಡಿಯೂ ಸ್ವಲ್ಪ ಸೊಟ್ಟ. ಅಲ್ಲಿಗೆ ಹೋಗುವ ಮಾಲಿನ ಬಹುಪಾಲು ಪಕ್ಕದ ಪುಟ್ಟ ದೇಶ ಜಿಬೂಟಿಯ ಬಂದರಿನಲ್ಲಿ ಇಳಿದು, ಲಾರಿಯಲ್ಲೋ ರೈಲಿನಲ್ಲೋ ಅಡಿಸ್ ಅಬಾಬಾ ಕಡೆಗೆ ಹೋಗುತ್ತದೆ. ಕಳಿಸುವ ದೇಶದವರು 'ಜಿಬೂಟಿಗೆ ರಫ್ತು' ಎಂದು ಬರೆದುಬಿಟ್ಟರೆ ಇಥಿಯೋಪಿಯಾದ ಕನ್ನಡಿ ಲೆಕ್ಕದಿಂದ ಆ ಮಾಲು ಮಾಯ. ಕೀನ್ಯಾಕ್ಕೆ ಇದರ ತದ್ವಿರುದ್ಧ. ಮೊಂಬಾಸಾದಲ್ಲಿ ಇಳಿಯುವ ಎಷ್ಟೋ ಮಾಲು ಉಗಾಂಡಾ, ರುವಾಂಡಾ, ದಕ್ಷಿಣ ಸುಡಾನಿನದು. ಅದನ್ನು ಯಾರಾದರೂ ಕೀನ್ಯಾದ ಹೆಸರಿಗೆ ಬರೆದರೆ ಕೀನ್ಯಾದ ಲೆಕ್ಕ ಉಬ್ಬುತ್ತದೆ. ಒಂದು ಕುಗ್ಗುತ್ತದೆ, ಇನ್ನೊಂದು ಉಬ್ಬುತ್ತದೆ. ಇದು ನಮ್ಮ ಹೋಲಿಕೆಗೆ ಅತಿ ಕೆಟ್ಟ ಬಗೆಯ ತಪ್ಪು. ಕನ್ನಡಿ ಅಂಕಿ ಬಳಸಿದ ವರ್ಷಗಳನ್ನು ಚಾರ್ಟಿನಲ್ಲಿ ಚುಕ್ಕಿ ಗೆರೆಯಲ್ಲಿ ತೋರಿಸಿ.

ಆರು: ಡಾಲರಿನಲ್ಲಿ ಇಟ್ಟುಕೊಳ್ಳಿ, ಆದರೆ ಡಾಲರನ್ನೂ ನಂಬಬೇಡಿ

ಸ್ಥಳೀಯ ಹಣದಲ್ಲಿ ಹೋಲಿಸಬೇಡಿ. 2024ರ ಜುಲೈ 29ರಂದು ಇಥಿಯೋಪಿಯಾ ತನ್ನ ಬಿರ್ ದರವನ್ನು ಮಾರುಕಟ್ಟೆಗೆ ಬಿಟ್ಟಿತು. ಡಾಲರಿಗೆ ಸುಮಾರು 57 ಬಿರ್ ಇದ್ದದ್ದು ಕೆಲವೇ ವಾರಗಳಲ್ಲಿ 100 ದಾಟಿತು. ಕೀನ್ಯಾದ ಶಿಲ್ಲಿಂಗ್ 2022ರ ಆರಂಭದಲ್ಲಿ ಡಾಲರಿಗೆ 113ರ ಆಸುಪಾಸು ಇತ್ತು, 2024ರ ಜನವರಿಯಲ್ಲಿ 160ರ ಹತ್ತಿರ ಹೋಯಿತು, ಅದೇ ವರ್ಷದ ಕೊನೆಗೆ 129ಕ್ಕೆ ಬಂತು. ಇಂಥ ಏರಿಳಿತದಲ್ಲಿ ಕಾಗದದ ಕಥೆ ಹುಡುಕಿದರೆ ವಿನಿಮಯ ದರದ ಕಥೆ ಸಿಗುತ್ತದೆ.

ಡಾಲರಿಗೂ ಹಣದುಬ್ಬರ ಇದೆ. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ 2000ದಲ್ಲಿ ಸರಾಸರಿ 172 ಇತ್ತು, 2022ರಲ್ಲಿ 293 ಹತ್ತಿರ. ಅಂದರೆ 2000ದ 100 ಡಾಲರ್ 2022ರ 170 ಡಾಲರಿಗೆ ಸಮ. ಈ ಅವಧಿಯಲ್ಲಿ ಆಮದು ಮೌಲ್ಯ 70% ಏರಿದ್ದರೆ ನಿಜದಲ್ಲಿ ಅದು ಇದ್ದಲ್ಲೇ ಇದೆ.

ಏಳು: ಬೆಲೆ ಬೇರೆ, ಟನ್ ಬೇರೆ

ಮೌಲ್ಯವನ್ನು ತೂಕದಿಂದ ಭಾಗಿಸಿದರೆ ಟನ್ನಿನ ಸರಾಸರಿ ಬೆಲೆ ಸಿಗುತ್ತದೆ. ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಮೊದಲ ವರ್ಷ 1 ಲಕ್ಷ ಟನ್, ಟನ್ನಿಗೆ 800 ಡಾಲರ್: ಒಟ್ಟು 8 ಕೋಟಿ ಡಾಲರ್. ಕೊನೆಯ ವರ್ಷ 1.10 ಲಕ್ಷ ಟನ್, ಟನ್ನಿಗೆ 1,100 ಡಾಲರ್: ಒಟ್ಟು 12.1 ಕೋಟಿ ಡಾಲರ್. ಮೌಲ್ಯ 51% ಏರಿತು. ಅದರಲ್ಲಿ ಟನ್ ಏರಿದ್ದು 10% ಮಾತ್ರ, ಬೆಲೆ ಏರಿದ್ದು 37.5%. 'ಆಮದು ಒಂದೂವರೆ ಪಟ್ಟಾಯಿತು' ಎಂಬ ತಲೆಬರಹಕ್ಕೂ 'ಕಾಗದ 10% ಹೆಚ್ಚು ಬಂತು' ಎಂಬ ಸಾಲಿಗೂ ಅಜಗಜಾಂತರ, ಅಲ್ವಾ?

ಟನ್ನಿನ ಬೆಲೆ ಏರಿದರೂ ಅದು ಮಾರುಕಟ್ಟೆ ದರವೇ ಆಗಿರಬೇಕಿಲ್ಲ. ಅಗ್ಗದ ಕಂದು ಕಾಗದ ಬಿಟ್ಟು ದುಬಾರಿ ಲೇಪನದ ಕಾಗದ ತರಿಸಿದರೂ ಸರಾಸರಿ ಏರುತ್ತದೆ. ನಾಲ್ಕಂಕಿ ಕೋಡ್‌ನಲ್ಲೇ ಭಾಗಿಸಿ ನೋಡಿದರೆ ಇದು ತಿಳಿಯುತ್ತದೆ. ಯಾವುದಾದರೂ ವರ್ಷ ಟನ್ನಿಗೆ 90 ಡಾಲರ್ ಅಥವಾ 9,000 ಡಾಲರ್ ಬಂದರೆ ಮೊದಲು ತೂಕದ ಕಾಲಂ ನೋಡಿ. ಒಂದು ಸೊನ್ನೆ ಹೆಚ್ಚುಕಮ್ಮಿಯಾಗಿರುವ ಸಾಧ್ಯತೆ ಇದೆ.

ಎಂಟು: ತಲಾ ಲೆಕ್ಕ

ಆಮದನ್ನು ಜನಸಂಖ್ಯೆಯಿಂದ ಭಾಗಿಸಿದರೆ ತಲಾ ಲೆಕ್ಕ ಸಿಗುತ್ತದೆ. ಕೀನ್ಯಾದ 2019ರ ಜನಗಣತಿಯಲ್ಲಿ 4.76 ಕೋಟಿ ಜನ. ಇಥಿಯೋಪಿಯಾದಲ್ಲಿ ಕೊನೆಯ ಜನಗಣತಿ ನಡೆದದ್ದು 2007ರಲ್ಲಿ, ಆಗ ಸುಮಾರು 7.4 ಕೋಟಿ. ಈಗ 12 ಕೋಟಿ ದಾಟಿದೆ ಎಂಬುದು ವಿಶ್ವಸಂಸ್ಥೆಯ ಅಂದಾಜು. ಹಾಗಾಗಿ ಎರಡು ದೇಶಕ್ಕೂ ವಿಶ್ವಸಂಸ್ಥೆಯ ಅಂದಾಜನ್ನೇ ಬಳಸಿ. ಒಂದಕ್ಕೆ ಜನಗಣತಿ, ಇನ್ನೊಂದಕ್ಕೆ ಅಂದಾಜು ಬೇಡ.

ಒಂಬತ್ತು: ಚಾರ್ಟ್

ಇದರಲ್ಲಿ ಹೆಚ್ಚು ಹೇಳುವುದಿಲ್ಲ. ಆರಂಭದ ವರ್ಷವನ್ನು 100 ಮಾಡಿ ಸೂಚ್ಯಂಕ ಹಾಕುವುದಾದರೆ 2009 ಅಥವಾ 2020ನ್ನು ಆರಂಭವಾಗಿ ಆರಿಸಬೇಡಿ. ಎರಡೂ ಜಗತ್ತಿನ ವ್ಯಾಪಾರ ಕುಸಿದ ವರ್ಷಗಳು, ಅಲ್ಲಿಂದ ನೋಡಿದರೆ ಎಲ್ಲವೂ ಏರಿದಂತೆಯೇ ಕಾಣುತ್ತದೆ. ಮೂರು ವರ್ಷದ ಸರಾಸರಿ ತೆಗೆದು ಅದನ್ನು 100 ಮಾಡಿ. ಎಡಕ್ಕೆ ಒಂದು ಅಳತೆ, ಬಲಕ್ಕೆ ಇನ್ನೊಂದು ಅಳತೆ ಹಾಕಿ ಎರಡು ಗೆರೆ ಕೂಡಿಸುವ ಚಾರ್ಟ್ ಮಾತ್ರ ದಯವಿಟ್ಟು ಮಾಡಬೇಡಿ. ಅದರಲ್ಲಿ ಯಾರನ್ನು ಬೇಕಾದರೂ ಗೆಲ್ಲಿಸಬಹುದು.

ಹತ್ತು: ಈಗ ಕಾರಣ ಹುಡುಕಿ

ಇಷ್ಟಾದ ಮೇಲೂ ಉಳಿಯುವ ತಿರುವುಗಳು ನಿಜವಾದವು. ಅವುಗಳ ಪಕ್ಕ ಘಟನೆಗಳನ್ನು ಇಟ್ಟು ನೋಡಿ.

ಕೀನ್ಯಾದ ಪಶ್ಚಿಮ ಭಾಗದಲ್ಲಿ ವೆಬುಯೆ ಎಂಬ ಊರಿದೆ. ಅಲ್ಲಿ ಪ್ಯಾನ್ ಆಫ್ರಿಕನ್ ಪೇಪರ್ ಮಿಲ್ಸ್ 1970ರ ದಶಕದಲ್ಲಿ ಶುರುವಾಯಿತು. ಕೀನ್ಯಾ ಸರ್ಕಾರ, ವಿಶ್ವಬ್ಯಾಂಕ್ ಬಳಗದ ಐಎಫ್‌ಸಿ ಜತೆಗೆ ನಮ್ಮ ಬಿರ್ಲಾ ಬಳಗದ ಓರಿಯಂಟ್ ಪೇಪರ್ ಕೂಡ ಅದರಲ್ಲಿತ್ತು. ಸುತ್ತಲಿನ ಮರದಿಂದ ತಿರುಳು ತೆಗೆದು ಕಾಗದ ಮಾಡುತ್ತಿದ್ದ ಈ ಕಾರ್ಖಾನೆ 2009ರಲ್ಲಿ ನಿಂತಿತು. 2016ರಲ್ಲಿ ಕೀನ್ಯಾದ ರಾಯ್ ಬಳಗ ಕೊಂಡುಕೊಂಡಿತು. ಇಂಥ ಕಾರ್ಖಾನೆ ನಿಂತ ಮೇಲೆ ಆಮದು ಏರಿದರೆ ಅದು ಬಳಕೆ ಹೆಚ್ಚಿದ್ದಕ್ಕೇ ಅಲ್ಲ. ಒಳಗೆ ಸಿಗುತ್ತಿದ್ದದ್ದು ಹೊರಗಿನಿಂದ ಬರತೊಡಗಿದೆ. 2009ರ ಮುಂಚಿನ ಕೀನ್ಯಾವನ್ನೂ ನಂತರದ ಕೀನ್ಯಾವನ್ನೂ ಬೇರೆ ಬೇರೆಯಾಗಿ ಓದಬೇಕು. ಆಮೇಲೆ 2017ರ ಆಗಸ್ಟ್ 28ರಿಂದ ಕೀನ್ಯಾದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾಯಿತು. 2018ರ ಫೆಬ್ರವರಿಯಲ್ಲಿ ಸರ್ಕಾರಿ ಕಾಡುಗಳಲ್ಲಿ ಮರ ಕಡಿಯುವುದನ್ನು ನಿಲ್ಲಿಸಿದರು. ಒಂದು ಕಾಗದದ ಬೇಡಿಕೆ ಹೆಚ್ಚಿಸುವಂಥದ್ದು, ಇನ್ನೊಂದು ಸ್ಥಳೀಯ ಮರದ ಪೂರೈಕೆ ಕಡಿಮೆ ಮಾಡುವಂಥದ್ದು. ಆರು ತಿಂಗಳ ಅಂತರದಲ್ಲಿ ಎರಡೂ ಬಂದದ್ದರಿಂದ ಯಾವುದರ ಪರಿಣಾಮ ಎಷ್ಟು ಎಂದು ಬಿಡಿಸುವುದು ಕಷ್ಟ. 4804 ಮತ್ತು 4819ನ್ನು ತಿಂಗಳವಾರು ನೋಡಿದರೆ ಸ್ವಲ್ಪ ಸುಳಿವು ಸಿಗಬಹುದು.

ಇಥಿಯೋಪಿಯಾದ ಗೆರೆಯ ಸ್ವಭಾವವೇ ಬೇರೆ. ವೊಂಜಿಯಲ್ಲಿ ಒಂದು ಕಾಗದ ಕಾರ್ಖಾನೆ ಇದೆ, ಆದರೆ ದೇಶ ಬಹುಮಟ್ಟಿಗೆ ಆಮದನ್ನೇ ನಂಬಿದೆ. ಅಲ್ಲಿ ಆಮದುದಾರನಿಗೆ ಗಿರಾಕಿ ಇದ್ದರೆ ಸಾಲದು, ಎಲ್‌ಸಿ (ಮಾರುವವನಿಗೆ ಹಣ ಕೊಡುತ್ತೇನೆಂದು ಬ್ಯಾಂಕ್ ಬರೆದುಕೊಡುವ ಭರವಸೆ ಪತ್ರ) ತೆರೆಯಲು ಬ್ಯಾಂಕಿನಲ್ಲಿ ಡಾಲರ್ ಸಿಗಬೇಕು. 2024ಕ್ಕೆ ಮುಂಚೆ ಅದಕ್ಕಾಗಿ ತಿಂಗಳುಗಟ್ಟಲೆ ಕಾಯುವುದು ಮಾಮೂಲಾಗಿತ್ತು. 2020ರ ನವೆಂಬರ್‌ನಿಂದ 2022ರ ನವೆಂಬರ್‌ವರೆಗೆ ದೇಶದ ಉತ್ತರದ ಟಿಗ್ರಾಯ್ ಪ್ರಾಂತ್ಯದಲ್ಲಿ ಯುದ್ಧವೂ ಇತ್ತು. ಅಲ್ಲಿನ ಇಳಿತವನ್ನು ಬೇಡಿಕೆಯ ಇಳಿತ ಅನ್ನುವ ಮುಂಚೆ ಆ ವರ್ಷದ ಒಟ್ಟು ಆಮದಿನಲ್ಲಿ ಕಾಗದದ ಪಾಲು ಎಷ್ಟು ಅಂತ ನೋಡಿ. ಒಟ್ಟು ಆಮದೂ ಅಷ್ಟೇ ಇಳಿದು ಕಾಗದದ ಪಾಲು ಹಾಗೇ ಉಳಿದಿದ್ದರೆ ಅದು ಡಾಲರ್ ಕೊರತೆಯ ಲಕ್ಷಣ. ಪಾಲೇ ಕುಸಿದಿದ್ದರೆ ಕಾಗದಕ್ಕೆ ಸಂಬಂಧಿಸಿದ ಕಾರಣ ಬೇರೆ ಏನೋ ಇದೆ.

ಬರೆಯುವಾಗ ಎರಡು ದೇಶಕ್ಕೂ ಒಂದೇ ಬಗೆಯ ವಾಕ್ಯ ಬೇಡ. ಕೀನ್ಯಾ ಬಗ್ಗೆ ಹೇಳುವಾಗ ಒಳಗಿನ ಉತ್ಪಾದನೆ ಎಷ್ಟು ಎಂಬುದನ್ನು ಪಕ್ಕದಲ್ಲೇ ಹೇಳಿ. ಇಥಿಯೋಪಿಯಾ ಬಗ್ಗೆ ಹೇಳುವಾಗ ಆ ವರ್ಷ ಡಾಲರಿನ ಸ್ಥಿತಿ ಹೇಗಿತ್ತು ಎಂಬುದನ್ನು ಸೇರಿಸಿ. ಪ್ರತಿ ಕೋಷ್ಟಕದ ಕೆಳಗೆ ನಾಲ್ಕು ಮಾಹಿತಿ ಇರಲಿ: ಯಾವ ಎಚ್‌ಎಸ್ ಪಟ್ಟಿ, ದೇಶವೇ ಕೊಟ್ಟ ಅಂಕಿಯೋ ಕನ್ನಡಿ ಅಂಕಿಯೋ, ಅಂದಿನ ಡಾಲರೋ ಹಣದುಬ್ಬರ ಕಳೆದ ಡಾಲರೋ, ಯಾವ ದಿನ ಇಳಿಸಿಕೊಂಡದ್ದು. ಕೊನೆಯದನ್ನು ಜನ ಬಿಡುತ್ತಾರೆ. ಆದರೆ ಕಾಮ್‌ಟ್ರೇಡ್‌ನಲ್ಲಿ ಹಳೆಯ ವರ್ಷಗಳ ಅಂಕಿಯೂ ಆಗಾಗ ಪರಿಷ್ಕಾರವಾಗುತ್ತದೆ. ಆರು ತಿಂಗಳ ಬಳಿಕ ಯಾರಾದರೂ ನಿಮ್ಮ ಲೆಕ್ಕ ತಾಳೆ ನೋಡಿ "ಇದು ಬೇರೆ ಬರ್ತಿದೆಯಲ್ಲ" ಅಂದರೆ, ತೋರಿಸಲು ಆ ದಿನಾಂಕ ಬೇಕಾಗುತ್ತದೆ.